ಸೂಜಿಯ ಜೊತೆ ಹೊಂದಿಕೊಳ್ಳುವ ಮೊದಲ ತಿಂಗಳು

ಮನೆಯ ಆರೋಗ್ಯ

ಸಕ್ಕರೆ ಕಾಯಿಲೆಯ ಬಗ್ಗೆ ಪತ್ರ ಬಾರದ ಹದಿನೈದು ದಿನವೇ ಇಲ್ಲ. ಅವುಗಳಲ್ಲಿ ಹೆಚ್ಚಿನವು 'ಏನು ತಿನ್ನಬೇಕು, ಏನು ಬಿಡಬೇಕು' ಎಂದು ಕೇಳುವಂಥವು. ಈ ಸಲ ಬಂದ ಒಂದು ಪತ್ರ ಮಾತ್ರ ಬೇರೆ ತರಹದ್ದು. ಹೆಸರು ಹಾಕಬೇಡಿ ಎಂದು ಬರೆದಿದ್ದಾರೆ, ಹಾಕಿಲ್ಲ. ಆದರೆ ಅವರ ಮಾತನ್ನು ಅವರದೇ ಧಾಟಿಯಲ್ಲಿ ಕೊಟ್ಟಿದ್ದೇನೆ. ಏಕೆಂದರೆ ಇದು ಒಂದು ಮನೆಯ ಕಥೆಯಲ್ಲ.

"ಅಕ್ಕಾವ್ರಿಗೆ ಶರಣು. ನಮ್ಮೂರು ಇಂಡಿ ತಾಲೂಕಿನ ಲಚ್ಯಾಣ. ನಮ್ಮ ಅತ್ತಿಯವ್ರಿಗೆ ಸಕ್ಕರಿ ಬ್ಯಾನಿ ಬಂದು ಹನ್ನೆರಡು ವರ್ಷ ಆತು. ಇಷ್ಟ ದಿನ ಗುಳಿಗಿ ಮ್ಯಾಲೆ ನಡದಿತ್ತು. ಹ್ವಾದ ತಿಂಗಳ ಹೊಲದಾಗ ಜಾಲಿಮುಳ್ಳು ನಟ್ಟಿದ್ದು ಅವ್ರಿಗೆ ಗೊತ್ತs ಆಗ್ಲಿಲ್ಲ. ನಾಕ ದಿನಕ್ಕ ಪಾದ ಬಾತು ಕೀವು ತುಂಬಿತು, ಚಳಿಜ್ವರ ಬಂದ್ವು. ದೊಡ್ಡ ದವಾಖಾನ್ಯಾಗ ಹತ್ತ ದಿನ ಇಟಗೊಂಡು, ಕೀವು ತಗದು, ಎರಡ ಹೊತ್ತು ಇನ್ಸುಲಿನ್ ಸೂಜಿ ಬರದು ಕಳಿಸ್ಯಾರ. ಸೂಜಿ ಮಾಡಾಕಿ ನಾನs. ಈಗ ಗಾಯ ಒಣಗಾಕತ್ತೈತಿ. ಆದ್ರ ಸೂಜಿ ಸುರು ಆದ ಮ್ಯಾಲೆ ಕಣ್ಣು ಮಂಜಾಗ್ಯಾವು, ಎರಡೂ ಕಾಲು ಬಾತಾವು, ಅಂಗಾಲು ಉರೀತಾವಂತ ರಾತ್ರಿ ಮಲಗೂದಿಲ್ಲ. ಹ್ವಾದ ಸೋಮವಾರ ನಸುಕಿನ್ಯಾಗ ಮೈಯೆಲ್ಲ ಬೆವತು ಏನೇನೋ ಮಾತಾಡಾಕ ಹತ್ತಿದ್ರು. ಸಕ್ಕರಿ ನೀರು ಕುಡಿಸಿದ ಮ್ಯಾಲೆ ತಿಳಿ ಆದ್ರು. ಓಣ್ಯಾಗಿನವ್ರು 'ಸೂಜಿ ಒಮ್ಮಿ ಹತ್ತಿತಂದ್ರ ಜೀವ ತಗೊಂಡs ಹೋಗತೈತಿ, ಬಿಟ್ಟಬಿಡ್ರಿ' ಅಂತಾರ. ಅತ್ತಿಯವ್ರು 'ನಿನ್ನ ಕೈಲೆ ಸಾಯೂದು ಬ್ಯಾಡವಾ' ಅಂದ್ರು. ನಮ್ಮನಿಯವ್ರು ಸೊಲ್ಲಾಪುರದಾಗ ದುಡೀತಾರ, ವಾರಕ್ಕೊಮ್ಮಿ ಬರ್ತಾರ. ನಾ ಏನ ಮಾಡ್ಲಿ?"

ತಂಗೀ, ಮೊದಲು ಎರಡು ಮಾತು. ಒಂದು, ಸೂಜಿಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಎರಡು, ಆ ನಸುಕಿನ ಪ್ರಸಂಗವನ್ನು ಸೂಜಿ ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ತಿಳಿಸಿ. ಮುಂದಿನ ಸೂಜಿಗೆ ಮುಂಚೆಯೇ ಪ್ರಮಾಣವನ್ನು ಕೇಳಿಕೊಳ್ಳಿ. ಈ ಎರಡು ಮಾತು ಒಂದಕ್ಕೊಂದು ವಿರುದ್ಧವಾಗಿ ಕಾಣಬಹುದು. ಅಲ್ಲ. ಏಕೆಂಬುದನ್ನು ಒಂದೊಂದಾಗಿ ನೋಡೋಣ.

ಸೋಂಕು ಮತ್ತು ಸಕ್ಕರೆ: ಗಾಣದ ಸುತ್ತು

ಮೈಯಲ್ಲಿ ಎಲ್ಲಾದರೂ ಕೀವು ಕಟ್ಟಿದರೆ, ಜ್ವರ ಬಂದರೆ, ದೇಹ ಅದನ್ನು ಎದುರಿಸಲು ಕೆಲವು ರಸಗಳನ್ನು ಹೆಚ್ಚಾಗಿ ಸುರಿಸುತ್ತದೆ. ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಹೆಸರು ಕೇಳಿರಬಹುದು. ಇವು ಯಕೃತ್ತಿನಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವೆ, ಇನ್ಸುಲಿನ್ನಿನ ಕೆಲಸಕ್ಕೂ ಅಡ್ಡ ನಿಲ್ಲುತ್ತವೆ. ಆದ್ದರಿಂದ ಜ್ವರ ಬಂದವರು ಊಟ ಬಿಟ್ಟಿದ್ದರೂ ಅವರ ಸಕ್ಕರೆ ಏರಿಯೇ ಇರುತ್ತದೆ. ಏರಿದ ಸಕ್ಕರೆಯಲ್ಲಿ ರೋಗಾಣುಗಳನ್ನು ನುಂಗುವ ಬಿಳಿಯ ರಕ್ತಕಣಗಳು ಮಂಕಾಗುತ್ತವೆ, ಸೋಂಕು ಬಲಿಯುತ್ತದೆ. ಸೋಂಕು ಬಲಿತರೆ ಸಕ್ಕರೆ ಮತ್ತೂ ಏರುತ್ತದೆ. ಗಾಣದ ಎತ್ತಿನಂತೆ ಸುತ್ತಿದಲ್ಲೇ ಸುತ್ತು! ಈ ಸುತ್ತನ್ನು ಮುರಿಯಲು ಮಾತ್ರೆಯ ಶಕ್ತಿ ಸಾಲದು. ಅದಕ್ಕೇ ದವಾಖಾನೆಯಲ್ಲಿ ಕೀವು ತೆಗೆದು, ರೋಗಾಣುನಾಶಕ ಔಷಧಿ ಕೊಟ್ಟು, ಜೊತೆಗೇ ಇನ್ಸುಲಿನ್ ಆರಂಭಿಸುತ್ತಾರೆ. ನಿಮ್ಮ ಅತ್ತೆಯವರ ಪಾದ ಉಳಿದದ್ದರಲ್ಲಿ ಆ ಸೂಜಿಯ ಪಾಲೂ ಇದೆ.

ಇನ್ನು ಬಹಳ ಜನ ಗಮನಿಸದ ಸಂಗತಿ ಇದು. ಸೋಂಕು ಇದ್ದಾಗ ಹೆಚ್ಚು ಬೇಕಾಗಿದ್ದ ಇನ್ಸುಲಿನ್, ಸೋಂಕು ಇಳಿದ ಮೇಲೆ ಅಷ್ಟು ಬೇಕಾಗುವುದಿಲ್ಲ. ಕೀವು ಹೋಯಿತು, ಜ್ವರ ಬಿಟ್ಟಿತು, ಗಾಯ ಒಣಗುತ್ತಾ ಬಂತು. ಆದರೆ ಸೂಜಿಯ ಪ್ರಮಾಣ ಮಾತ್ರ ದವಾಖಾನೆಯಲ್ಲಿ ಬರೆದುಕೊಟ್ಟದ್ದೇ ನಡೆಯುತ್ತಿದೆ. ಆಗ ಸಕ್ಕರೆ ಅತಿಯಾಗಿ ಇಳಿದು ಮೈ ಬೆವರುವುದು, ತೊದಲುವುದು ಆಗುತ್ತದೆ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಹೀಗೆ ಆಗಿರುವ ಸಂಭವವೇ ಹೆಚ್ಚು. ಗಾಯ ವಾಸಿಯಾಗುತ್ತಿರುವ ದಿನಗಳಲ್ಲಿ ಸಕ್ಕರೆ ನೋಡಿಸಿಕೊಂಡು ಡಾಕ್ಟರಿಂದ ಪ್ರಮಾಣ ತಿದ್ದಿಸಿಕೊಳ್ಳುವುದು ಇದಕ್ಕೇ ಮುಖ್ಯ. ಅದು ನಿಮ್ಮ ಕೈಯ ದೋಷವಲ್ಲ ತಂಗೀ. ಸೂಜಿಯ ದೋಷವೂ ಅಲ್ಲ. ಲೆಕ್ಕವನ್ನು ಹೊಸದಾಗಿ ಹಾಕಬೇಕಾದ ಕಾಲ ಬಂದಿದೆ, ಅಷ್ಟೆ.

ಸಕ್ಕರೆ ಇಳಿದಾಗ

ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅದನ್ನು ಇಳಿಕೆ ಎಂದೇ ತಿಳಿಯಬೇಕು. ಕೈ ನಡುಕ, ಬೆವರು, ಎದೆ ಡವಡವ, ಹಸಿವು, ಸಿಡುಕು, ಮಂಪರು, ತಲೆಬುಡವಿಲ್ಲದ ಮಾತು ಇವೆಲ್ಲ ಅದರ ಗುರುತು. ರಕ್ತದೊತ್ತಡಕ್ಕಾಗಿ ಕೆಲವು ಬಗೆಯ ಮಾತ್ರೆ ನುಂಗುವವರಿಗೆ ನಡುಕ, ಎದೆಬಡಿತ ಕಾಣದೆಯೇ ಹೋಗಬಹುದು. ಮೂತ್ರಪಿಂಡ ದುರ್ಬಲವಾದವರಲ್ಲಿ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ಸಕ್ಕರೆ ಬೇಗ ಇಳಿಯುತ್ತದೆ. ವಯಸ್ಸಾದವರ ವಿಷಯದಲ್ಲಿ ಈ ಎರಡನ್ನೂ ಡಾಕ್ಟರರ ಹತ್ತಿರ ಕೇಳಿಕೊಳ್ಳಿ.

ಮಾಡಬೇಕಾದದ್ದು ಇಷ್ಟು. ಮೂರು ಚಹಾ ಚಮಚ ಸಕ್ಕರೆ, ಎಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕುಡಿಸಿ. ಚೇತರಿಸಿಕೊಂಡ ಮೇಲೆ, ಊಟಕ್ಕೆ ಇನ್ನೂ ಹೊತ್ತಿದ್ದರೆ, ಅರ್ಧ ರೊಟ್ಟಿಯನ್ನೋ ಒಂದು ಲೋಟ ಹಾಲನ್ನೋ ಕೊಡಿ. ಶೇಂಗಾ ಉಂಡಿ, ಪೇಢೆ, ಚಾಕಲೇಟು ಈ ಹೊತ್ತಿಗೆ ಬೇಡ. ಅವುಗಳಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು, ಸಕ್ಕರೆ ಯಾವುದನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋದೀತು. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಕೂಡಲೇ 108ಕ್ಕೆ ಫೋನು ಮಾಡಿ.

ನಿಮ್ಮ ಪತ್ರದಲ್ಲಿ ಒಂದು ಪದ ನನ್ನ ಕಣ್ಣಿಗೆ ಬಿತ್ತು: ಸೋಮವಾರ. ಹಿಂದಿನ ದಿನ ರಾತ್ರಿ ಅತ್ತೆಯವರು ಎಷ್ಟು ಉಂಡಿದ್ದರು, ವಾರದ ಉಪವಾಸವೇನಾದರೂ ಹಿಡಿದಿದ್ದಾರೆಯೇ, ನೆನಪು ಮಾಡಿಕೊಳ್ಳಿ. ನಮ್ಮ ಹಿರಿಯರು ಶ್ರಾವಣ ಸೋಮವಾರ, ಏಕಾದಶಿ, ಅಮಾಸೆ ಎಂದು ಉಪವಾಸ ಬಿಡುವವರಲ್ಲ. ಗುಳಿಗೆಯ ಕಾಲದಲ್ಲಿ ಹೇಗೋ ನಡೆದಿದ್ದು ಸೂಜಿಯ ಕಾಲದಲ್ಲಿ ನಡೆಯುವುದಿಲ್ಲ. ಸೂಜಿ ಚುಚ್ಚಿ, ಪೂಜೆ ಮುಗಿಯಲಿ ಎಂದು ಒಂದು ತಾಸು ತಡ ಮಾಡಿದರೂ ಅಪಾಯವೇ. ಪೂಜೆ ಮೊದಲು, ಆಮೇಲೆ ಸೂಜಿ, ಅದರ ಹಿಂದೆಯೇ ಊಟ. ಈ ಕ್ರಮವನ್ನು ಮನೆಯ ನಿಯಮ ಮಾಡಿಬಿಡಿ.

ಕಣ್ಣು ಮಂಜು, ಕಾಲು ಬಾವು, ಅಂಗಾಲು ಉರಿ

ತಿಂಗಳುಗಟ್ಟಲೆ ಏರಿದ್ದ ಸಕ್ಕರೆ ಕೆಲವೇ ವಾರಗಳಲ್ಲಿ ಇಳಿದಾಗ ದೇಹಕ್ಕೆ ಅದೂ ಒಂದು ಹೊಸ ಹವೆಯೇ. ಕಣ್ಣಿನ ಮಸೂರದೊಳಗೆ ನೀರಿನ ಅಂಶ ಏರುಪೇರಾಗಿ ದೃಷ್ಟಿ ಮಂಜಾಗುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ. ಆದ್ದರಿಂದ ಈಗಲೇ ಹೊಸ ಕನ್ನಡಕಕ್ಕೆ ದುಡ್ಡು ಹಾಕಬೇಡಿ. ಸಕ್ಕರೆ ಒಂದು ಹದಕ್ಕೆ ಬರಲಿ. ಆದರೆ ಕಣ್ಣಿನ ಒಳಪರದೆಯ ಪರೀಕ್ಷೆಯನ್ನು ತಪ್ಪಿಸಬೇಡಿ. ಹನ್ನೆರಡು ವರ್ಷದ ಕಾಯಿಲೆ. ಒಳಪರದೆಯ ರಕ್ತನಾಳ ಕೆಟ್ಟಿದ್ದರೆ ಸಕ್ಕರೆ ಥಟ್ಟನೆ ಇಳಿದಾಗ ಅದು ಕೆಲಕಾಲ ಹೆಚ್ಚಾಗುವುದೂ ಉಂಟು. ಕಣ್ಣ ಮುಂದೆ ಕಪ್ಪು ತೆರೆ, ಹಾರಾಡುವ ಚುಕ್ಕೆಗಳು ಕಂಡರೆ ಅದೇ ದಿನ ತೋರಿಸಿ.

ಕಾಲು ಬಾವು ಇನ್ಸುಲಿನ್ ಆರಂಭದಲ್ಲಿ ಕೆಲವರಿಗೆ ಬರುತ್ತದೆ. ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುವುದು ಅದಕ್ಕೆ ಕಾರಣ. ಎರಡೂ ಕಾಲಿನಲ್ಲಿ ಸಮನಾಗಿದ್ದು, ಬೆರಳಿನಿಂದ ಒತ್ತಿದರೆ ಗುಣಿ ಬೀಳುವ ಬಾವಾದರೆ ಹೆಚ್ಚಾಗಿ ಇದೇ. ಕೆಲವು ವಾರಗಳಲ್ಲಿ ಇಳಿಯುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಅಷ್ಟು ದಿನ ದೂರ ಇರಲಿ. ಹಾಗೆಂದು ಮನೆಯಲ್ಲೇ ತೀರ್ಮಾನ ಮಾಡಿ ಕೂರಬೇಡಿ. ಮೂತ್ರಪಿಂಡ, ಹೃದಯದ ತೊಂದರೆಯಿಂದಲೂ ಕಾಲು ಬಾಯುತ್ತದೆ. ಏದುಸಿರು, ಮುಖದ ಬಾವು ಕಂಡರೆ ಅಥವಾ ಒಂದೇ ಕಾಲು ಕೆಂಪಗೆ ಬಿಸಿಯಾಗಿ ಬಾತಿದ್ದರೆ ಅದು ಬೇರೆ ಮಾತು, ತಡ ಮಾಡಬಾರದು.

ಅಂಗಾಲ ಉರಿಯಂತೂ ನರಗಳ ಕೂಗು. ಬಹುಕಾಲದ ಸಕ್ಕರೆಯಿಂದ ನರ ಹಾಳಾಗಿದ್ದರಿಂದಲೇ ಅವರಿಗೆ ಮುಳ್ಳು ಚುಚ್ಚಿದ್ದು ತಿಳಿಯಲಿಲ್ಲ. ಸಕ್ಕರೆ ಬೇಗ ಇಳಿದಾಗ ಈ ಉರಿ ಹೆಚ್ಚಾಗುವುದುಂಟು, ತಿಂಗಳುಗಳಲ್ಲಿ ತಗ್ಗುವುದೂ ಉಂಟು. ಇದಕ್ಕೆ ಬೇರೆಯೇ ಮಾತ್ರೆಗಳಿವೆ, ಡಾಕ್ಟರರಲ್ಲಿ ಕೇಳಿ. ಬಿಸಿ ಇಟ್ಟಿಗೆಯ ಶಾಖ, ಬಿಸಿನೀರಿನ ಚೀಲ, ಕೆಂಡದ ಕಾವು ಖಂಡಿತಾ ಬೇಡ. ತಿಳಿವಳಿಕೆ ಇಲ್ಲದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ಇನ್ನು ಕೆಲವರಿಗೆ ತೂಕ ಏರುತ್ತದೆ. ಮೊದಲು ಮೂತ್ರದಲ್ಲಿ ಹರಿದುಹೋಗುತ್ತಿದ್ದ ಸಕ್ಕರೆ ಈಗ ಮೈಗೆ ಹತ್ತುತ್ತಿದೆ ಎಂದರ್ಥ. ಊಟದ ಅಳತೆ, ಗಾಯ ಮಾಸಿದ ಮೇಲೆ ನಡಿಗೆ ಇದಕ್ಕೆ ಉಪಾಯ. ಸೂಜಿ ಬಿಡುವುದು ಉಪಾಯವಲ್ಲ.

ಮೊದಲ ಸೂಜಿಯ ಕಥೆ

'ಸೂಜಿ ಹತ್ತಿದರೆ ಜೀವ ತೆಗೆಯುತ್ತದೆ' ಎಂಬ ಮಾತಿಗೆ ಉತ್ತರವಾಗಿ ಒಂದು ನಿಜವಾದ ಕಥೆ ಹೇಳುತ್ತೇನೆ, ಅತ್ತೆಯವರಿಗೂ ಓದಿ ಹೇಳಿ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು 1921ರಲ್ಲಿ ಪ್ರಾಣಿಯ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ರಸ ತೆಗೆದರು. 1922ರ ಜನವರಿ 11ರಂದು ಅಲ್ಲಿನ ಆಸ್ಪತ್ರೆಯಲ್ಲಿ ಸಾವಿನಂಚಿಗೆ ಬಂದಿದ್ದ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಚುಚ್ಚಿದರು. ಆ ರಸ ಶುದ್ಧವಾಗಿರಲಿಲ್ಲ. ಚುಚ್ಚಿದ ಜಾಗ ಬಾತು ಕುರುವಾಯಿತು, ಸಕ್ಕರೆಯೂ ಸ್ವಲ್ಪವೇ ಇಳಿಯಿತು. ಸೂಜಿ ನಿಲ್ಲಿಸಿದರು. ಆದರೆ ಕೈಬಿಡಲಿಲ್ಲ. ಕಾಲಿಪ್ ಎಂಬ ರಸಾಯನ ತಜ್ಞ ಹಗಲೂ ರಾತ್ರಿ ಕೂತು ರಸವನ್ನು ಶುದ್ಧಿ ಮಾಡಿದ. ಜನವರಿ 23ರಂದು ಮತ್ತೆ ಚುಚ್ಚಿದರು. ಹುಡುಗ ಎದ್ದು ಕೂತ! ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಸಾವನ್ನು ತುಸು ಮುಂದೂಡುವುದೊಂದೇ ದಾರಿಯಾಗಿತ್ತು. ಆ ಹುಡುಗ ಮತ್ತೆ ಹದಿಮೂರು ವರ್ಷ ಬದುಕಿದ. ಕೊನೆಗೆ 1935ರಲ್ಲಿ ಅವನು ತೀರಿಕೊಂಡದ್ದು ನ್ಯುಮೋನಿಯಾದಿಂದ. ಎಂದರೆ ಜೀವ ತೆಗೆದದ್ದು ಸೂಜಿಯಲ್ಲ, ಸೋಂಕು. ಈಗ ಸೋಂಕಿಗೂ ಔಷಧಿ ಇದೆ, ಸಕ್ಕರೆಗೂ ಇದೆ. ಎರಡನ್ನೂ ಜೊತೆಯಲ್ಲಿ ನಡೆಸಬೇಕು, ಅಷ್ಟೆ.

ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹಿರಿಯರು ಕೆಲವರು 'ಅದು ಪ್ರಾಣಿಯ ರಸವಂತೆ' ಎಂದು ಹಿಂಜರಿಯುತ್ತಾರೆ. ಬಹುಕಾಲ ದನ, ಹಂದಿಗಳ ಗ್ರಂಥಿಯಿಂದಲೇ ತೆಗೆಯುತ್ತಿದ್ದುದು ನಿಜ. ಆದರೆ 1982ರಿಂದೀಚೆಗೆ ಸೂಕ್ಷ್ಮಜೀವಿಗಳಿಂದ, ಹಿಟ್ಟು ಹುದುಗಿಸುವ ಯೀಸ್ಟಿನ ಜಾತಿಯವುಗಳಿಂದ, ಮನುಷ್ಯರ ಇನ್ಸುಲಿನ್ನನ್ನೇ ತಯಾರಿಸುವ ವಿದ್ಯೆ ಬಳಕೆಗೆ ಬಂದಿದೆ. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯೂ 2004ರಲ್ಲಿ ಇಂಥ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಇಂದು ಅಂಗಡಿಗಳಲ್ಲಿ ದೊರೆಯುವುದು ಬಹುತೇಕ ಈ ಬಗೆಯದೇ. ಆ ಅನುಮಾನ ಬೇಡ.

'ಒಮ್ಮೆ ಹತ್ತಿದರೆ ಜನ್ಮಪೂರ್ತಿ' ಎಂಬುದೂ ಪೂರ್ತಿ ನಿಜವಲ್ಲ. ಮಕ್ಕಳಲ್ಲಿ, ಹರೆಯದವರಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯಲ್ಲಿ ಇನ್ಸುಲಿನ್ ಜೀವನಪೂರ್ತಿ ಬೇಕು. ಒಂದು ದಿನವೂ ತಪ್ಪಿಸುವಂತಿಲ್ಲ. ನಡುವಯಸ್ಸಿನ ಮೇಲೆ ಬರುವ ಬಗೆಯಲ್ಲಿ ಸೋಂಕು, ಶಸ್ತ್ರಕ್ರಿಯೆಗಳ ಕಾಲಕ್ಕೆ ಇನ್ಸುಲಿನ್ ಕೊಟ್ಟು, ಗುಣವಾದ ಮೇಲೆ ತಗ್ಗಿಸುವುದೋ ಮಾತ್ರೆಗೆ ಮರಳುವುದೋ ಉಂಟು. ಕೆಲವರಿಗೆ ಗ್ರಂಥಿಯೇ ಬತ್ತಿರುವುದರಿಂದ ಮುಂದುವರಿಸಬೇಕಾಗುತ್ತದೆ. ಯಾವುದು ಎಂಬುದನ್ನು ರಕ್ತಪರೀಕ್ಷೆ ನೋಡಿ ಡಾಕ್ಟರು ಹೇಳಬೇಕು, ಓಣಿಯವರಲ್ಲ.

ಚುಚ್ಚುವ ಕ್ರಮ, ಇಡುವ ಕ್ರಮ

ಸೂಜಿ ಮಾಡುವ ಮಗಳಂದಿರು, ಸೊಸೆಯಂದಿರು ಇವಿಷ್ಟನ್ನು ಗೋಡೆಗೆ ಬರೆದು ಹಚ್ಚಿಕೊಳ್ಳಿ.

1. ಕೈಯನ್ನು ಸಾಬೂನಿನಿಂದ ತೊಳೆಯಿರಿ. ಚುಚ್ಚುವ ಜಾಗವೂ ಸ್ವಚ್ಛವಾಗಿ ಒಣಗಿರಲಿ. ಸ್ಪಿರಿಟ್ ಹಚ್ಚಿದರೆ ಅದು ಆರಿದ ಮೇಲೆ ಚುಚ್ಚಿ.

2. ಬಾಟಲಿಯ ಮೇಲೆ 40 ಎಂದಿದೆಯೋ 100 ಎಂದಿದೆಯೋ ನೋಡಿ. 40ರ ಬಾಟಲಿಗೆ ಕೆಂಪು ಟೊಪ್ಪಿಗೆಯ ಸಿರಿಂಜು, 100ಕ್ಕೆ ಕಿತ್ತಳೆ ಬಣ್ಣದ್ದು. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಹೋಗುತ್ತದೆ. ಪ್ರಾಣಕ್ಕೆ ಕುತ್ತು!

3. ಹಾಲಿನಂತೆ ಮಸುಕಾದ ಇನ್ಸುಲಿನ್ ಆದರೆ ಬಾಟಲಿಯನ್ನು ಎರಡು ಅಂಗೈ ನಡುವೆ ಮೆಲ್ಲಗೆ ಹೊರಳಿಸಿ ಬೆರೆಸಿ. ಕುಲುಕಬೇಡಿ. ತಿಳಿಯಾಗಿರಬೇಕಾದದ್ದು ಮಸುಕಾಗಿದ್ದರೆ, ಗಂಟುಗಂಟಾಗಿದ್ದರೆ ಉಪಯೋಗಿಸಬೇಡಿ.

4. ಹೊಕ್ಕುಳಿನಿಂದ ಎರಡು ಬೆರಳು ದೂರ ಬಿಟ್ಟು ಹೊಟ್ಟೆ, ತೊಡೆಯ ಹೊರಮಗ್ಗುಲು ಇವು ಒಳ್ಳೆಯ ಜಾಗಗಳು. ದಿನವೂ ಒಂದೊಂದು ಬೆರಳು ಸರಿಸಿ ಚುಚ್ಚಿ. ನೋವಾಗುವುದಿಲ್ಲವೆಂದು ಒಂದೇ ಕಡೆ ಚುಚ್ಚಿದರೆ ಅಲ್ಲಿ ಗಂಟು ಕಟ್ಟುತ್ತದೆ. ಗಂಟಿನಲ್ಲಿ ಚುಚ್ಚಿದ ಔಷಧಿ ಒಂದು ದಿನ ಹತ್ತುತ್ತದೆ, ಒಂದು ದಿನ ಹತ್ತುವುದಿಲ್ಲ. ಚುಚ್ಚಿದ ಜಾಗ ಕೆಂಪಾಗಿ ಬಿಸಿಯಾಗಿ ಕೀವು ಕಂಡರೆ ತೋರಿಸಿ.

5. ಎರಡು ಹೊತ್ತು ಕೊಡುವ ಮಿಶ್ರ ಇನ್ಸುಲಿನ್ ಹಳೆಯ ಬಗೆಯದಾದರೆ ಊಟಕ್ಕೆ ಅರ್ಧ ತಾಸು ಮುಂಚೆ. ಹೊಸ ಬಗೆಯದಾದರೆ ಊಟದ ಹೊತ್ತಿಗೇ. ನಿಮ್ಮದು ಯಾವುದೆಂದು ಕೇಳಿ ಬರೆಸಿಕೊಳ್ಳಿ.

6. ಒಬ್ಬರ ಸೂಜಿ ಇನ್ನೊಬ್ಬರಿಗೆ ಎಂದೂ ಬೇಡ. ಬಳಸಿದ ಸೂಜಿಯನ್ನು ತಿಪ್ಪೆಗೆ ಎಸೆಯದೆ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ಆರೋಗ್ಯ ಕೇಂದ್ರದಲ್ಲಿ ಕೇಳಿ ಒಪ್ಪಿಸಿ.

ವಿಜಯಪುರದ ಕಡೆಯ ಬೇಸಿಗೆ ಎಂದರೆ ಕೇಳಬೇಕೇ! ಒಡೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಬರ್ಫಿನ ಖಾನೆಯಲ್ಲಿ ಅಲ್ಲ. ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ. ಬಳಸುತ್ತಿರುವ ಬಾಟಲಿಯನ್ನು ತಂಪಾದ ಜಾಗದಲ್ಲಿಟ್ಟು ಸುಮಾರು ನಾಲ್ಕು ವಾರದೊಳಗೆ ಮುಗಿಸಿ. ಒಡೆದ ತಾರೀಖನ್ನು ಮೇಲೆ ಬರೆದಿಡಿ. ಫ್ರಿಜ್ಜು ಇಲ್ಲದ ಮನೆಯಲ್ಲಿ ನಮ್ಮ ಮಣ್ಣಿನ ಗಡಿಗೆಯೇ ಗತಿ. ದೊಡ್ಡ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಗಡಿಗೆ ಕೂಡಿಸಿ, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರೊಳಗಿಟ್ಟು, ಮೇಲೆ ಒದ್ದೆ ಅರಿವೆ ಮುಚ್ಚಿ ನೆರಳಲ್ಲಿಡಿ. ಮರಳು ಒಣಗದಂತೆ ನೀರು ಚಿಮುಕಿಸುತ್ತಿರಿ. ರೈಲಿನಲ್ಲಿ, ಬಸ್ಸಿನಲ್ಲಿ ಹೋಗುವಾಗ ಕೈಚೀಲದಲ್ಲಿರಲಿ. ಬಿಸಿಲು ಬೀಳುವ ಕಿಟಕಿಯ ಹತ್ತಿರ ಬೇಡ.

ಕಾಯಿಲೆ ಬಿದ್ದ ದಿನ

ಮತ್ತೆ ಜ್ವರ, ವಾಂತಿ, ಭೇದಿ ಏನೇ ಬರಲಿ, 'ಉಂಡಿಲ್ಲ, ಅದಕ್ಕೆ ಸೂಜಿ ಬೇಡ' ಎಂದು ಪೂರ್ತಿ ಬಿಡಬೇಡಿ. ನಾಲ್ಕು ತಾಸಿಗೊಮ್ಮೆ ಸಕ್ಕರೆ ನೋಡಿ, ಡಾಕ್ಟರಿಗೆ ಫೋನು ಮಾಡಿ ಪ್ರಮಾಣ ಕೇಳಿ. ನೀರು, ಮಜ್ಜಿಗೆ, ತೆಳ್ಳನೆಯ ಅಂಬಲಿ ಗುಟುಕು ಗುಟುಕಾಗಿ ಕೊಡುತ್ತಿರಿ. ಮಾತ್ರೆಗಳಲ್ಲಿ ಕೆಲವನ್ನು ಅಂಥ ದಿನ ನಿಲ್ಲಿಸಬೇಕಾಗುತ್ತದೆ, ಅದನ್ನೂ ಕೇಳಿ. ಸಕ್ಕರೆ 300 ದಾಟಿ ಇಳಿಯದಿದ್ದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆನೋವು, ಆಳವಾದ ಉಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ, ಮಂಪರು ಕಂಡರೆ ಮನೆಯಲ್ಲಿ ಕಾಯಬಾರದು. ಮೊಣಕಾಲು ನೋವಿಗೆಂದು ಊರಲ್ಲಿ ಚುಚ್ಚಿಸಿಕೊಳ್ಳುವ ಸೂಜಿಯಲ್ಲಿ ಸ್ಟೆರಾಯ್ಡ್ ಇದ್ದರೂ ಸಕ್ಕರೆ ಜಿಗಿಯುತ್ತದೆ. ಯಾವ ಸೂಜಿ ಎಂದು ಕೇಳದೆ ಚುಚ್ಚಿಸಿಕೊಳ್ಳಬೇಡಿ.

ಪಾದವನ್ನು ಮಗುವಿನ ಮುಖದಂತೆ ದಿನವೂ ನೋಡಬೇಕು. ಬೆರಳ ಸಂದು, ಹಿಮ್ಮಡಿ, ಅಂಗಾಲು. ಬಗ್ಗಲಾಗದವರು ಕನ್ನಡಿಯನ್ನು ನೆಲದ ಮೇಲಿಟ್ಟು ನೋಡಿಕೊಳ್ಳಲಿ. ಹೊಲಕ್ಕೆ ಬರಿಗಾಲಲ್ಲಿ ಬೇಡ. ಚಪ್ಪಲಿ ಮೆಟ್ಟುವ ಮುಂಚೆ ಕೊಡವಿ ಒಳಗೆ ಕೈಯಾಡಿಸಿ. ಗಾಯಕ್ಕೆ ಸುಣ್ಣ, ತಂಬಾಕು, ಬೂದಿ ಮೆತ್ತಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಗಾಯ ಪೂರ್ತಿ ಮಾಸುವ ತನಕ ಆ ಕಾಲಿನ ಮೇಲೆ ಭಾರ ಹಾಕಬಾರದು. ಔಷಧಿಯಷ್ಟೇ ಇದೂ ಮುಖ್ಯ. ಪಂಢರಪುರ, ಶ್ರೀಶೈಲಗಳ ಪಾದಯಾತ್ರೆಯ ಹರಕೆ ಇದ್ದರೆ ಈ ವರ್ಷ ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ ಬರಲಿ, ದೇವರು ಬೇಡವೆನ್ನುವುದಿಲ್ಲ. ಗಾಯ ಕಪ್ಪಾದರೆ, ದುರ್ವಾಸನೆ ಬಂದರೆ, ಕೆಂಪು ಮೇಲಕ್ಕೆ ಹರಿದರೆ ಅದೇ ದಿನ ದವಾಖಾನೆಗೆ ಹೋಗಬೇಕು.

ಹೆಂಗಸರು ಬಾಯಿಬಿಡದ ಇನ್ನೊಂದು ಸೋಂಕಿದೆ. ಗುಪ್ತಾಂಗದ ತುರಿಕೆ, ಮೊಸರಿನಂಥ ಬಿಳಿ ಸ್ರಾವ, ಉರಿಮೂತ್ರ. ಸಕ್ಕರೆ ಏರಿದಾಗ ಇವು ಮತ್ತೆ ಮತ್ತೆ ಬರುತ್ತವೆ. ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಕೆಲವು ಹೊಸ ಮಾತ್ರೆಗಳಿಂದಲೂ ಬರಬಹುದು. ಎಷ್ಟೋ ತಾಯಂದಿರು ನಾಚಿಕೆಯಿಂದ ವರ್ಷಗಟ್ಟಲೆ ಸಹಿಸುತ್ತಾರೆ. ಡಾಕ್ಟರಿಗೆ ಹೇಳಲು ಸಂಕೋಚವಾದರೆ ಆಶಾ ಕಾರ್ಯಕರ್ತೆಗೆ, ನರ್ಸಮ್ಮನಿಗೆ ಹೇಳಿ. ಎರಡು ವಾರ ಬಿಡದ ಕೆಮ್ಮಿದ್ದರೆ ಕಫದ ಪರೀಕ್ಷೆಯನ್ನೂ ಮಾಡಿಸಿ, ಸಕ್ಕರೆ ಕಾಯಿಲೆಯವರಿಗೆ ಕ್ಷಯದ ಭಯ ಹೆಚ್ಚು.

ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಇಂಡಿಯ ತಾಲ್ಲೂಕು ಆಸ್ಪತ್ರೆ, ವಿಜಯಪುರದ ಜಿಲ್ಲಾ ಆಸ್ಪತ್ರೆ ಇವುಗಳಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆ, ಔಷಧಿಗಳ ಬಗ್ಗೆ ವಿಚಾರಿಸಿ. ಹೊರಗೆ ಕೊಳ್ಳುವುದಾದರೆ ಜನೌಷಧಿ ಅಂಗಡಿಯಲ್ಲಿ ಮೊದಲು ಕೇಳಿ ನೋಡಿ.

ಸೊಸೆಯ ಪಾಲು

ನಿಮಗಾಗಿ ಒಂದು ಮಾತು, ತಂಗೀ. ಒಂದು ಮನೆಯ ಕಾಯಿಲೆ ಒಬ್ಬಳ ಕೈಯ ಮೇಲೆ ನಿಲ್ಲಬಾರದು. ವಾರಕ್ಕೊಮ್ಮೆ ಬರುವ ಯಜಮಾನರು ಆ ಎರಡು ದಿನವಾದರೂ ತಾವೇ ಸೂಜಿ ಮಾಡಲಿ. ಹೆತ್ತ ಮಗನ ಕೈಯಿಂದ ಚುಚ್ಚಿಸಿಕೊಂಡರೆ ಅತ್ತೆಯವರ ಅನುಮಾನವೂ ಕರಗೀತು. ಕಣ್ಣು ತಿಳಿಯಾದ ಮೇಲೆ ಅವರಿಗೇ ಕಲಿಸಿ. ಇದಕ್ಕೆ ಓದುಬರಹ ಬೇಕಿಲ್ಲ, ಸಿರಿಂಜಿನ ಗೆರೆಗೆ ಗುರುತು ತೋರಿಸಿದರೆ ಸಾಕು. ಒಂದು ನೋಟುಪುಸ್ತಕದಲ್ಲಿ ತಾರೀಖು, ಸಕ್ಕರೆ, ಎಷ್ಟು ಯೂನಿಟ್ಟು, ಎಷ್ಟು ಹೊತ್ತಿಗೆ ಊಟ ಎಂದು ನಾಲ್ಕು ಸಾಲು ಎಳೆದು ಬರೆಯಿರಿ. ಡಾಕ್ಟರಿಗೆ ಅದು ದಾರಿ ತೋರಿಸುತ್ತದೆ. ಮನೆಯಲ್ಲಿ ಮಾತು ಬಂದರೆ ನಿಮಗೆ ಅದೇ ಸಾಕ್ಷಿಯೂ ಆಗುತ್ತದೆ.

ಊಟದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 'ಜೋಳದ ರೊಟ್ಟಿ ತಾನೆ, ಎಷ್ಟು ತಿಂದರೂ ಏನಾಗುವುದಿಲ್ಲ' ಎನ್ನುತ್ತಾರೆ. ಜೋಳದ ಹಿಟ್ಟಿನಲ್ಲೂ ನೂರು ಗ್ರಾಮಿಗೆ ಸುಮಾರು 70 ಗ್ರಾಂ ಪಿಷ್ಟವಿದೆ. ಅಕ್ಕಿಗಿಂತ ನಾರು ಹೆಚ್ಚು, ಅದಕ್ಕೆ ಅದು ಮೇಲು. ಆದರೆ ಲೆಕ್ಕ ತಪ್ಪಬಾರದು. ಒಂದು ದಿನ ಒಂದು ರೊಟ್ಟಿ, ಮರುದಿನ ನಾಲ್ಕು ಎಂದಾದರೆ ಸೂಜಿಯ ಲೆಕ್ಕ ಕೂಡುವುದಾದರೂ ಹೇಗೆ? ದಿನವೂ ಅದೇ ಹೊತ್ತು, ಹೆಚ್ಚುಕಡಿಮೆ ಅದೇ ಅಳತೆ. ಗಾಯ ಮಾಸಲು ಬೇಳೆಕಾಳು, ಮೊಸರು, ಸೊಪ್ಪು ಜೊತೆಗಿರಲಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಬೇಳೆಯ ಅಳತೆಯನ್ನು ಡಾಕ್ಟರರಲ್ಲಿ ಕೇಳಿ.

ಈ ಸಲದ ಅಡಿಗೆ: ಮೆಂತ್ಯದ ತಾಲಿಪಟ್ಟಿ

ಬೇಕಾಗುವ ಸಾಮಾನು: ಜೋಳದ ಹಿಟ್ಟು 1 ಬಟ್ಟಲು, ಕಡಲೆಹಿಟ್ಟು ಅರ್ಧ ಬಟ್ಟಲು, ಸಣ್ಣಗೆ ಹೆಚ್ಚಿದ ಮೆಂತ್ಯ ಸೊಪ್ಪು 2 ಬಟ್ಟಲು, ಉಳ್ಳಾಗಡ್ಡಿ 1, ಹಸಿಮೆಣಸಿನಕಾಯಿ 2, ಜೀರಿಗೆ ಅರ್ಧ ಚಮಚ, ಬಿಳಿ ಎಳ್ಳು 1 ಚಮಚ, ಅರಿಶಿಣ ಚಿಟಿಕೆ, ಮೊಸರು 2 ಚಮಚ, ಉಪ್ಪು ಹಿತವಾಗಿ, ಎಣ್ಣೆ 3 ಚಮಚ.

ಮಾಡುವ ವಿಧಾನ: ಮೆಂತ್ಯ ಸೊಪ್ಪನ್ನು ತೊಳೆದು ನೀರು ಬಸಿಯಿರಿ. ಉಳ್ಳಾಗಡ್ಡಿ, ಮೆಣಸಿನಕಾಯಿ ಸಣ್ಣಗೆ ಹೆಚ್ಚಿ. ಎಣ್ಣೆ ಬಿಟ್ಟು ಉಳಿದೆಲ್ಲವನ್ನೂ ಕೂಡಿಸಿ, ಬೇಕಾದಷ್ಟೇ ನೀರು ಚಿಮುಕಿಸಿ ರೊಟ್ಟಿಗಿಂತ ಮೆತ್ತಗೆ ನಾದಿ. ಹತ್ತು ನಿಮಿಷ ಬಿಡಿ. ನಾಲ್ಕು ಸಮನಾದ ಉಂಡೆ ಮಾಡಿ. ಒದ್ದೆ ಅರಿವೆಯ ಮೇಲೆ ತಟ್ಟಿ, ನಡುವೆ ಬೆರಳಿನಿಂದ ಒಂದು ತೂತು ಮಾಡಿ, ಕಾದ ಹಂಚಿಗೆ ಹಾಕಿ. ಅಂಚಿಗೂ ತೂತಿಗೂ ಅಷ್ಟಷ್ಟೇ ಎಣ್ಣೆ ಬಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಕೆಂಪಗೆ ಬೇಯಿಸಿ.

ಒಬ್ಬರಿಗೆ ಹೊತ್ತಿಗೆ ಎರಡು ಸಾಕು. ಜೊತೆಗೆ ಸವತಿಕಾಯಿ ಪಚಡಿ, ಒಂದು ಬಟ್ಟಲು ಮಜ್ಜಿಗೆ, ಅಂಚಿಗೆ ಒಂದು ಚಮಚ ಗುರೆಳ್ಳು ಹಿಂಡಿ. ಬಿಸಿಬಿಸಿಯಾಗಿಯೇ ಬಡಿಸಿ, ಸೂಜಿಯಾದ ಮೇಲೆ ಊಟ ಆರುವುದೂ ಬೇಡ, ತಡವಾಗುವುದೂ ಬೇಡ.